ಸಂಗೀತದಲ್ಲಿ ಪಿಎಚ್‌.ಡಿ.: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕಲಿತವರು, ಕಲಿಸುವವರು, ಎಂ.ಎ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅಂಕಿಅಂಶಗಳು ಹೆಚ್ಚಾಗಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿಯವು. ಅದು ಕನಿಷ್ಠ ಮಟ್ಟವನ್ನು ಹೇಳುತ್ತದೆ. ಅದರ ಮೇಲೆ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ನಿಯಮಗಳಿರುತ್ತವೆ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯ ಪ್ರತಿಯನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳಿ.

## ಸೇರುವ ಮೊದಲು

ವಿದ್ವತ್ ಪಾಸಾಗಿದೆ, ತುಂಬಾ ವರ್ಷದಿಂದ ಕಛೇರಿ ಮಾಡ್ತಿದ್ದೀನಿ. ನೇರವಾಗಿ ಪಿಎಚ್‌.ಡಿ.ಗೆ ಸೇರಬಹುದಾ?

ವಿದ್ವತ್ ಒಂದರ ಮೇಲೆ ಆಗುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ವಿದ್ಯೆಗೆ ಪ್ರಮಾಣವೇ ಹೊರತು ವಿಶ್ವವಿದ್ಯಾಲಯದ ಪದವಿಯಲ್ಲ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ, ಅಲಂಕಾರಗಳನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಂದೇ ರೀತಿ ಪರಿಗಣಿಸುವುದಿಲ್ಲ. ಅವನ್ನು ನಂಬಿ ಅರ್ಜಿ ಹಾಕುವುದಾದರೆ ಮೊದಲು ಕುಲಸಚಿವರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಬೇಕಾಗುವುದು ಸ್ನಾತಕೋತ್ತರ ಪದವಿ ಮತ್ತು ಅದರಲ್ಲಿ ಕನಿಷ್ಠ 55 ಶೇಕಡಾ ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ 5 ಶೇಕಡಾ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ 75 ಶೇಕಡಾ ಪಡೆದವರು ಎಂ.ಎ. ಇಲ್ಲದೆಯೂ ಅರ್ಹರು. ಬಿ.ಕಾಂ. ಅಥವಾ ಎಂಜಿನಿಯರಿಂಗ್ ಓದಿ ವಿದ್ವತ್ ಮುಗಿಸಿದವರು ಮೊದಲು ಸಂಗೀತದಲ್ಲಿ ಎಂ.ಎ. ಮಾಡುವುದೇ ನೇರ ದಾರಿ. ಆ ಎರಡು ವರ್ಷ ವ್ಯರ್ಥವಲ್ಲ. ಲಕ್ಷಣಗ್ರಂಥಗಳನ್ನು, ಅಂದರೆ ಸಂಗೀತಶಾಸ್ತ್ರದ ಹಳೆಯ ಗ್ರಂಥಗಳನ್ನು, ಕೂತು ಓದುವ ಅಭ್ಯಾಸ ಅಲ್ಲೇ ಆಗಬೇಕು.

ಎಂಟ್ರೆನ್ಸ್‌ನಲ್ಲಿ ಹಾಡಿಸ್ತಾರಾ, ಬರೆಸ್ತಾರಾ?

ಬರೆಸುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಇನ್ನರ್ಧ ಸಂಗೀತ. 50 ಶೇಕಡಾ (ಮೀಸಲು ವರ್ಗಗಳಿಗೆ 45) ಬಂದರೆ ಸಂದರ್ಶನಕ್ಕೆ ಕರೆಯುತ್ತಾರೆ. ಅಂತಿಮ ಪಟ್ಟಿಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಶೇಕಡಾ ತೂಕ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವೇ ಪಿಎಚ್‌.ಡಿ. ಪ್ರವೇಶಕ್ಕೂ ನಡೆಯುತ್ತದೆ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗದವರ ಅಂಕ ಪ್ರವೇಶದ ಮಟ್ಟಿಗೆ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ನೆಟ್‌ನಲ್ಲಿ ಸಂಗೀತದ ಸಂಕೇತ ಸಂಖ್ಯೆ 16. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ತಾಳವಾದ್ಯ, ರವೀಂದ್ರ ಸಂಗೀತ ಎಲ್ಲವೂ ಆ ಒಂದೇ ವಿಷಯದಡಿ ಬರುತ್ತವೆ.

ಎಡವುವುದು ಹೆಚ್ಚಾಗಿ ಸಂಶೋಧನಾ ವಿಧಾನದ ಭಾಗದಲ್ಲಿ. ಎಪ್ಪತ್ತೆರಡು ಮೇಳ ನಿದ್ದೆಯಲ್ಲೂ ಹೇಳಬಲ್ಲವರು ಊಹಾಪ್ರತಿಜ್ಞೆ (ಹೈಪಾಥೆಸಿಸ್), ಮಾದರಿ ಆಯ್ಕೆ, ಪ್ರಾಥಮಿಕ ಮತ್ತು ದ್ವಿತೀಯಕ ಆಕರಗಳ ವ್ಯತ್ಯಾಸ ಎಂದ ಕೂಡಲೇ ತಡವರಿಸುತ್ತಾರೆ. ಎರಡು ತಿಂಗಳು ಇದಕ್ಕೇ ಮೀಸಲಿಡಿ.

ಸಂದರ್ಶನದಲ್ಲಿ ಕೇಳುವುದು ನಿಮ್ಮ ಸಂಶೋಧನಾ ಪ್ರಸ್ತಾವದ ಬಗ್ಗೆ. ಒಂದು ರಾಗ ಹಾಡಿ ತೋರಿಸಿ ಎಂದರೂ ಅದು ಕಂಠ ಪರೀಕ್ಷೆಯಲ್ಲ, ನೀವು ಹೇಳಿದ ಮಾತಿಗೆ ಪುರಾವೆ ಕೇಳುವುದು.

ಕೆಲಸದಲ್ಲಿದ್ದೀನಿ. ಪಾರ್ಟ್ ಟೈಮ್ ಆಗುತ್ತಾ? ಆನ್‌ಲೈನ್?

ಪಾರ್ಟ್ ಟೈಮ್ ಆಗುತ್ತದೆ. ನೀವು ಕೆಲಸ ಮಾಡುವ ಸಂಸ್ಥೆ ನಿರಾಕ್ಷೇಪಣಾ ಪತ್ರ ಕೊಡಬೇಕು. ಸಂಶೋಧನೆಗೆ ಸಮಯ ಕೊಡುತ್ತೇವೆ, ಕೋರ್ಸ್‌ವರ್ಕ್‌ಗೆ (ಪಿಎಚ್‌.ಡಿ.ಯ ತರಗತಿ ಪಾಠಗಳಿಗೆ) ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಆ ಪತ್ರದಲ್ಲಿ ಇರಲೇಬೇಕು. ಬರೀ 'ಅಭ್ಯಂತರವಿಲ್ಲ' ಎಂದು ಬರೆದ ಪತ್ರ ವಾಪಸ್ ಬರುತ್ತದೆ. ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಿಎಚ್‌.ಡಿ.ಗೆ ಅವಕಾಶವಿಲ್ಲ. ಯಾರಾದರೂ ಹಾಗೆ ಕೊಡಿಸುತ್ತೇವೆ ಎಂದರೆ ದುಡ್ಡು ಕಟ್ಟಬೇಡಿ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಮಾಡಬಹುದು?

ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವು ಮೊದಲು ವಿಚಾರಿಸಬೇಕಾದ ಕಡೆಗಳು. ರಾಜ್ಯದ ಹೊರಗೆ ಮದ್ರಾಸ್ ವಿಶ್ವವಿದ್ಯಾಲಯದ ಭಾರತೀಯ ಸಂಗೀತ ವಿಭಾಗ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಖೈರಾಗಢದ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯಗಳಿವೆ. ಪ್ರತಿ ವರ್ಷ ಎಲ್ಲ ಕಡೆ ಸೀಟು ಇರುವುದಿಲ್ಲ. ಮಾರ್ಗದರ್ಶಕರ ಬಳಿ ಎಷ್ಟು ಸ್ಥಾನ ಖಾಲಿಯಿದೆಯೋ ಅಷ್ಟೇ ಸೀಟು.

ನನ್ನ ಗುರುಗಳೇ ಗೈಡ್ ಆಗಬಹುದಾ?

ಅವರು ಆ ವಿಶ್ವವಿದ್ಯಾಲಯದ ಅಥವಾ ಅದರ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರದ ಕಾಯಂ ಅಧ್ಯಾಪಕರಾಗಿ, ಪಿಎಚ್‌.ಡಿ. ಪಡೆದವರಾಗಿದ್ದರೆ ಮಾತ್ರ. ಪ್ರಾಧ್ಯಾಪಕರು ಮತ್ತು ಸಹ ಪ್ರಾಧ್ಯಾಪಕರಿಗೆ ಕನಿಷ್ಠ ಐದು, ಸಹಾಯಕ ಪ್ರಾಧ್ಯಾಪಕರಿಗೆ ಮೂರು ಸಂಶೋಧನಾ ಲೇಖನಗಳು ತಜ್ಞರ ಪರಿಶೀಲನೆ ಇರುವ ಪತ್ರಿಕೆಗಳಲ್ಲಿ ಬಂದಿರಬೇಕು. ಒಂದು ಸಮಯದಲ್ಲಿ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಂಗೀತ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರೇ ಕಡಿಮೆ ಇರುವುದರಿಂದ ಗೈಡ್ ಸಿಗುವುದು ಕಷ್ಟ. ಅರ್ಜಿಗೆ ಆರು ತಿಂಗಳ ಮೊದಲೇ, ಎರಡು ಪುಟದ ಪ್ರಸ್ತಾವ ಕೈಯಲ್ಲಿ ಹಿಡಿದು ಭೇಟಿಯಾಗಿ.

ಹಾಡುವ ಗುರು, ಬರೆಸುವ ಗೈಡ್ ಬೇರೆ ಬೇರೆಯಾಗಿರುವುದು ಒಳ್ಳೆಯದೇ. ನಿಮ್ಮ ಪಾಠಾಂತರವನ್ನು ಹೊರಗಿನಿಂದ ನೋಡಿ 'ಇದಕ್ಕೇನು ಆಧಾರ?' ಎಂದು ಕೇಳುವವರು ಒಬ್ಬರಾದರೂ ಬೇಕು.

## ಸೇರಿದ ಮೇಲೆ

'ಪುರಂದರದಾಸರ ಸಂಗೀತ ಕೊಡುಗೆ' ಅಂತ ವಿಷಯ ಇಟ್ಟುಕೊಂಡರೆ ಆಗಲ್ವಾ?

ಆಗುವುದಿಲ್ಲ ಎಂದೇ ಹೇಳುತ್ತೇವೆ. 'ಕೊಡುಗೆ', 'ಒಂದು ಅಧ್ಯಯನ', 'ಸಮಗ್ರ ವಿಶ್ಲೇಷಣೆ' ಎಂಬ ಶೀರ್ಷಿಕೆಗಳಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇಲ್ಲದ ಮೇಲೆ ಉತ್ತರ ಬಂತೋ ಇಲ್ಲವೋ ತಿಳಿಯುವುದು ಹೇಗೆ? ಅಂಥ ಪ್ರಬಂಧ ಮೂರು ಅಧ್ಯಾಯ ಜೀವನ ಚರಿತ್ರೆ, ಎರಡು ಅಧ್ಯಾಯ ರಾಗಗಳ ಪಟ್ಟಿ, ಕೊನೆಗೊಂದು ಪ್ರಶಂಸೆಯಾಗಿ ಮುಗಿಯುತ್ತದೆ. ಪುರಂದರದಾಸರ ವಿಷಯದಲ್ಲಿ ಇನ್ನೊಂದು ಗಟ್ಟಿ ತೊಡಕಿದೆ: ಪದಗಳ ಸಾಹಿತ್ಯ ಉಳಿದು ಬಂದಿದೆ, ಅವರು ಹಾಡಿದ ಮಟ್ಟುಗಳು ಬಹುಪಾಲು ಉಳಿದಿಲ್ಲ. ಇಂದು ಕೇಳುವ ಧಾಟಿಗಳಲ್ಲಿ ಅನೇಕವು ನಂತರದವರು ಕೂಡಿಸಿದವು. ಅವನ್ನು ಆಧಾರ ಮಾಡಿಕೊಂಡು ದಾಸರ ರಾಗಜ್ಞಾನದ ಬಗ್ಗೆ ತೀರ್ಮಾನ ಕೊಟ್ಟರೆ ಕೊನೆಯ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಮೊದಲ ಪ್ರಶ್ನೆಗೇ ಅಧ್ಯಾಯ ಕುಸಿಯುತ್ತದೆ.

ಒಳ್ಳೆಯ ವಿಷಯಕ್ಕೆ ಮೂರು ಗುಣಗಳಿರುತ್ತವೆ. ಹೌದೋ ಅಲ್ಲವೋ, ಎಷ್ಟು, ಯಾವಾಗಿನಿಂದ ಎಂದು ಕೇಳಬಹುದಾದ ಪ್ರಶ್ನೆ ಅದರಲ್ಲಿರುತ್ತದೆ. ಆಧಾರ ಕೈಗೆ ಸಿಗುವಂತಿರುತ್ತದೆ. ಉತ್ತರ ನೀವು ಎಣಿಸಿದ್ದಕ್ಕೆ ವಿರುದ್ಧವಾಗಿ ಬರುವ ಸಾಧ್ಯತೆಯೂ ಇರುತ್ತದೆ. ಒಂದು ಉದಾಹರಣೆ: ಖಮಾಚ್ ಹರಿಕಾಂಭೋಜಿಯ ಜನ್ಯ. ಮೇಳದ ಪ್ರಕಾರ ಕೈಶಿಕಿ ನಿಷಾದ, ಅಂದರೆ ತಗ್ಗಿನ ನಿ. ಆದರೆ ಇಂದಿನ ಪ್ರಯೋಗದಲ್ಲಿ ಅದಕ್ಕಿಂತ ಮೇಲಿನ ಕಾಕಲಿ ನಿಷಾದವೂ ಕೇಳುತ್ತದೆ. 'ಮೈಸೂರು ಪರಂಪರೆಯ ಗಾಯಕರ ಮತ್ತು ವೈಣಿಕರ ಲಭ್ಯ ಧ್ವನಿಮುದ್ರಣಗಳಲ್ಲಿ ಖಮಾಚಿನ ಕಾಕಲಿ ನಿಷಾದ ಯಾವ ಸಂಚಾರಗಳಲ್ಲಿ ಬರುತ್ತದೆ, ಮುದ್ರಿತ ಸ್ವರಲಿಪಿಯಲ್ಲಿ ಅದು ಕಾಣುತ್ತದೆಯೇ?' ಎಂದು ಕೇಳಿದರೆ ಎಲ್ಲಿ ಹುಡುಕಬೇಕು, ಏನನ್ನು ಎಣಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಹಿಂದೂಸ್ತಾನಿಯವರು ಒಂದೇ ಘರಾಣೆಯ ಎರಡು ಪೀಳಿಗೆಗಳು ದರಬಾರಿಯ ಆಂದೋಲಿತ ಗಾಂಧಾರವನ್ನು ಹಾಡುವ ಬಗೆಯನ್ನು ಹೀಗೇ ಹಿಡಿಯಬಹುದು.

ನೋಂದಣಿಗೆ ಮೊದಲು ಇನ್‌ಫ್ಲಿಬ್‌ನೆಟ್‌ನ ಪ್ರಬಂಧಗಳ ಅಂತರಜಾಲ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಭಾಷೆಗಳಲ್ಲಿ ಹುಡುಕಿ. ಒಂದೇ ರಾಗದ ಹೆಸರನ್ನು ನಾಲ್ಕು ರೀತಿಯಲ್ಲಿ ಬರೆದಿರುತ್ತಾರೆ, ಎಲ್ಲವನ್ನೂ ಹಾಕಿ ನೋಡಿ.

ಕೋರ್ಸ್‌ವರ್ಕ್‌ನಲ್ಲಿ ಏನಿರುತ್ತೆ?

ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ, ವಿಷಯಕ್ಕೆ ಸಂಬಂಧಿಸಿದ ಪತ್ರಿಕೆಗಳು, ಜೊತೆಗೆ 2 ಕ್ರೆಡಿಟ್‌ನ ಸಂಶೋಧನೆ ಮತ್ತು ಪ್ರಕಟಣಾ ನೀತಿ. ಇದರಲ್ಲಿ 55 ಶೇಕಡಾ ಬರದಿದ್ದರೆ ಪ್ರಬಂಧ ಒಪ್ಪಿಸಲು ಬಿಡುವುದಿಲ್ಲ. ಆ ಮೇಲೆ ಪ್ರತಿ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ವಿದೇಶದ ಕಛೇರಿ ಪ್ರವಾಸಕ್ಕಾಗಿ ಈ ಹಾಜರಿ ತಪ್ಪಿಸಿಕೊಂಡು ನೋಂದಣಿಗೇ ಕುತ್ತು ತಂದುಕೊಳ್ಳುವವರಿದ್ದಾರೆ. ಪ್ರವಾಸವಿದ್ದರೆ ದಿನಾಂಕ ಬದಲಿಸಲು ಮೊದಲೇ ಪತ್ರ ಕೊಡಿ.

ಒಟ್ಟು ಎಷ್ಟು ವರ್ಷ ಸಿಗುತ್ತೆ?

ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು, ಗರಿಷ್ಠ ಆರು. ಮರುನೋಂದಣಿ ಮಾಡಿಸಿ ಇನ್ನೆರಡು ವರ್ಷ ಪಡೆಯಬಹುದು, ಒಟ್ಟು ಎಂಟು ಮೀರಬಾರದು. ಮಹಿಳೆಯರಿಗೆ ಮತ್ತು 40 ಶೇಕಡಾ ಮೀರಿದ ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷ, ಅಂದರೆ ಹತ್ತು. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಇದೆ.

ಸ್ಟೈಪೆಂಡ್ ಬರುತ್ತಾ?

ಜೆಆರ್‌ಎಫ್ ಬಂದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆಗಿ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಉಳಿದವರಿಗೆ ವಿಶ್ವವಿದ್ಯಾಲಯದ್ದೋ ರಾಜ್ಯ ಸರ್ಕಾರದ ಇಲಾಖೆಗಳದ್ದೋ ವಿದ್ಯಾರ್ಥಿವೇತನ. ಮೊತ್ತ ಕಡಿಮೆ, ಬರುವುದೂ ತಡ. ಮೊದಲ ವರ್ಷದ ಖರ್ಚಿಗೆ ಅದನ್ನು ನಂಬಿಕೊಳ್ಳಬೇಡಿ.

## ಆಧಾರ ಕೂಡಿಸುವಾಗ

ಲಕ್ಷಣಗ್ರಂಥಗಳನ್ನು ಮೂಲದಲ್ಲೇ ಓದಬೇಕಾ?

ಅವುಗಳ ಮೇಲೆ ವಾದ ಕಟ್ಟುವುದಾದರೆ ಓದಲೇಬೇಕು. ಶ್ಲೋಕವೊಂದು ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತನ್ನ ಅಚ್ಚಿನ ತಪ್ಪಿನ ಸಮೇತ ಹೋಗುತ್ತಿರುತ್ತದೆ. ಅದೇ ತಪ್ಪು ನಿಮ್ಮ ಪ್ರಬಂಧದಲ್ಲಿ ಕಂಡರೆ ನೀವು ಮೂಲ ನೋಡಿಲ್ಲ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ. ಅಧ್ಯಾಯ, ಶ್ಲೋಕ ಸಂಖ್ಯೆ, ಯಾವ ಸಂಪಾದಕರ ಆವೃತ್ತಿ ಎಂಬ ಮೂರನ್ನೂ ಕೊಡಿ.

ಕನ್ನಡ ನಾಡಿನವರಿಗೆ ಇಲ್ಲಿ ಸಮೃದ್ಧಿಯಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸ, 1550ರ ರಾಮಾಮಾತ್ಯನ ಸ್ವರಮೇಳಕಲಾನಿಧಿ, ಹದಿನೇಳನೆಯ ಶತಮಾನದ ವೆಂಕಟಮಖಿಯ ಚತುರ್ದಂಡಿಪ್ರಕಾಶಿಕೆ ಮುದ್ರಣದಲ್ಲಿ ಸಿಗುತ್ತವೆ. ಹಸ್ತಪ್ರತಿ ನೋಡಬೇಕಾದರೆ 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯ, ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಗಳಿವೆ. ತಾಳೆಗರಿ ಗ್ರಂಥಲಿಪಿಯಲ್ಲೋ ನಂದಿನಾಗರಿಯಲ್ಲೋ ತಿಗಳಾರಿಯಲ್ಲೋ ಇದ್ದರೆ ಲಿಪಿ ಕಲಿಯಲು ಹಲವು ತಿಂಗಳು ಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗ ಬಿಡಿ.

ಹಿರಿಯ ವಿದ್ವಾಂಸರನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕಲ್ವಾ?

ಮಾತಿಗೆ ಸಾಕು, ಸಂಗೀತಕ್ಕೆ ಸಾಲದು. ಮೊಬೈಲ್ ತಾನಾಗಿಯೇ ಸಣ್ಣ ದನಿಯನ್ನು ಎತ್ತಿ ದೊಡ್ಡದನ್ನು ಇಳಿಸುತ್ತದೆ, ತಂಬೂರಿಯನ್ನು ಗದ್ದಲವೆಂದು ತಿಳಿದು ಅಳಿಸಲು ನೋಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲಂತೂ ಉಳಿದದ್ದೂ ಸವೆಯುತ್ತದೆ. ಕೈಯಲ್ಲಿ ಹಿಡಿಯುವ ಸಾಧಾರಣ ರೆಕಾರ್ಡರ್ ಒಂದನ್ನು ತನ್ನಿ, ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಒಡೆದ ದನಿಯನ್ನು ಆಮೇಲೆ ಸರಿ ಮಾಡಲು ಬರುವುದಿಲ್ಲ.

ಮೊದಲ ಅರ್ಧ ನಿಮಿಷ ತಂಬೂರಿ ಮಾತ್ರ ನುಡಿಯಲಿ. ನಂತರ ದಿನಾಂಕ, ಊರು, ಹಾಡುವವರು, ಶ್ರುತಿ ಇವನ್ನು ಬಾಯಲ್ಲೇ ಹೇಳಿ. ಕಡತದ ಹೆಸರು ಕಳೆದರೂ ಆ ದನಿ ಉಳಿಯುತ್ತದೆ. ಅದೇ ದಿನ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಸಂಶೋಧನೆಗೆ ಬಳಸಬಹುದೇ, ಶೋಧಗಂಗಾಕ್ಕೆ ಹೋಗಬಹುದೇ, ಅಂತರಜಾಲಕ್ಕೆ ಏರಿಸಬಹುದೇ ಎಂದು ಮೂರು ಪ್ರತ್ಯೇಕ ಪ್ರಶ್ನೆ ಕೇಳಿ. ಮೊದಲನೆಯದಕ್ಕೆ ಹೌದು, ಮೂರನೆಯದಕ್ಕೆ ಬೇಡ ಎನ್ನುವ ಹಕ್ಕು ಕಲಾವಿದರಿಗಿದೆ. ನೀಲಗಾರರು, ಕಂಸಾಳೆಯವರು, ಯಕ್ಷಗಾನ ಭಾಗವತರು ಯಾರೇ ಆಗಲಿ, ಅವರ ಸಮಯಕ್ಕೆ ಗೌರವಧನ ಕೊಡಿ.

ಪ್ರಾಟ್‌ನಲ್ಲಿ ಗ್ರಾಫ್ ತೆಗೆದರೆ ಅಡ್ಡಾದಿಡ್ಡಿ ಬರುತ್ತೆ, ಯಾಕೆ?

ಬಹಳ ಸಲ ಕಾರಣ ಪಿಚ್ ಮಿತಿ. ದನಿಯ ಏರಿಳಿತವನ್ನು ಗೆರೆಯಾಗಿ ತೋರಿಸುವ ಪ್ರಾಟ್ ತಂತ್ರಾಂಶವನ್ನು ಮಾಡಿದ್ದು ಮಾತಿನ ಅಧ್ಯಯನಕ್ಕೆ. ಐದೂವರೆ ಮನೆ ಶ್ರುತಿಯ ಗಾಯಕಿಯ ಮಧ್ಯ ಷಡ್ಜ ಸುಮಾರು 208 ಹರ್ಟ್ಸ್, ತಾರ ಷಡ್ಜ 415, ತಾರ ಪಂಚಮ 623. ಮೇಲ್ಮಿತಿ 500ಕ್ಕೆ ಇಟ್ಟಿದ್ದರೆ ತಾರ ಪಂಚಮ ಹಿಡಿತಕ್ಕೇ ಬರುವುದಿಲ್ಲ. ಗೆರೆ ಒಂದು ಸ್ಥಾಯಿ ಕೆಳಗೆ ಧುಮುಕುತ್ತದೆ, ಇಲ್ಲವೇ ತುಂಡಾಗುತ್ತದೆ. ಗಾಯಕರ ಶ್ರುತಿ ನೋಡಿ ಕೆಳಮಿತಿ, ಮೇಲ್ಮಿತಿ ಎರಡನ್ನೂ ನೀವೇ ಹಾಕಿ, ಯಾವ ಸಂಖ್ಯೆ ಹಾಕಿದಿರಿ ಎಂದು ಪ್ರಬಂಧದಲ್ಲಿ ಬರೆಯಿರಿ.

ಎರಡನೆಯ ಕಾರಣ ಪಕ್ಕವಾದ್ಯ. ಪಿಟೀಲು ಹಾಡನ್ನೇ ಹಿಂಬಾಲಿಸುವುದರಿಂದ ಗೆರೆ ಯಾರದೆಂದು ತಿಳಿಯುವುದಿಲ್ಲ. ಸಾಧ್ಯವಾದರೆ ವಿಶ್ಲೇಷಣೆಗೆಂದೇ ಬೇರೆ ಮುದ್ರಣ ಮಾಡಿ, ತಂಬೂರಿಯನ್ನು ಗಾಯಕರ ಕಿವಿಗೆ ಮಾತ್ರ ಕೊಡಿ.

ಹರ್ಟ್ಸ್‌ನಲ್ಲಿ ಬಿಟ್ಟರೆ ಇಬ್ಬರನ್ನು ಹೋಲಿಸಲಾಗದು. ಷಡ್ಜವನ್ನು 0 ಎಂದಿಟ್ಟು ಸೆಂಟ್‌ಗೆ (ಒಂದು ಸ್ಥಾಯಿಯನ್ನು 1200 ಭಾಗ ಮಾಡಿದ ಅಳತೆಗೆ) ತಿರುಗಿಸಿ. ಆಗ ಪಂಚಮ ಸುಮಾರು 702, ತಾರ ಷಡ್ಜ 1200. ಇನ್ನು ಒಂದು ದೊಡ್ಡ ಎಚ್ಚರಿಕೆ: ತೋಡಿಯ ಗಾಂಧಾರವನ್ನು ಸ್ವರಲಿಪಿಯಲ್ಲಿ 'ಗ' ಎಂದು ಒಂದೇ ಅಕ್ಷರ ಬರೆಯುತ್ತೇವೆ, ಗ್ರಾಫ್‌ನಲ್ಲಿ ಅದು ರಿಷಭದ ಕಡೆಗೂ ಮಧ್ಯಮದ ಕಡೆಗೂ ತೂಗುತ್ತಿರುತ್ತದೆ. ಆ ತೂಗಾಟದ ಸರಾಸರಿ ತೆಗೆದು 'ಇದೇ ಗಾಂಧಾರದ ಸ್ಥಾನ' ಎನ್ನುವುದು ನಾವು ಅತಿ ಹೆಚ್ಚು ಕಾಣುವ ತಪ್ಪು. ಆ ಸಂಖ್ಯೆಯಲ್ಲಿ ಗಾಯಕರು ಒಂದು ಕ್ಷಣವೂ ನಿಂತಿರಲಿಕ್ಕಿಲ್ಲ. ಮೇಲಿನ ತುದಿ, ಕೆಳಗಿನ ತುದಿ, ಎಷ್ಟು ಬಾರಿ, ಎಷ್ಟು ಹೊತ್ತು ಎಂದು ಬಿಡಿಸಿ ಬರೆಯಿರಿ. ಕಿವಿ ಹೇಳಿದ್ದಕ್ಕೂ ಗ್ರಾಫ್ ಹೇಳಿದ್ದಕ್ಕೂ ಹೊಂದದಿದ್ದರೆ ಮೊದಲು ಗ್ರಾಫನ್ನು ಅನುಮಾನಿಸಿ.

ಹಳೇ ಗ್ರಾಮಫೋನ್ ತಟ್ಟೆಗಳನ್ನು ಆಧಾರವಾಗಿ ತಗೋಬಹುದಾ?

ಖಂಡಿತ, ಎರಡು ಮಿತಿ ತಿಳಿದುಕೊಂಡು. 78 ಸುತ್ತಿನ ತಟ್ಟೆಯ ಒಂದು ಮೈಯಲ್ಲಿ ಮೂರು ನಿಮಿಷದ ಆಸುಪಾಸು ಹಿಡಿಯುತ್ತಿತ್ತು. ಆಲಾಪನೆ ಚಿಕ್ಕದಾಗಿದ್ದರೆ ಅದಕ್ಕೆ ಕಾರಣ ತಟ್ಟೆಯ ಅಳತೆ; ಅದನ್ನು ಆ ಕಾಲದ ಶೈಲಿ ಎಂದು ಬರೆಯಬೇಡಿ. ಎರಡನೆಯದು ವೇಗ: 75 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಸುಮಾರು 68 ಸೆಂಟ್ ಏರುತ್ತದೆ, ಕಾಲಪ್ರಮಾಣವೂ 4 ಶೇಕಡಾ ಚುರುಕಾಗುತ್ತದೆ. ಸ್ವರಗಳ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ರಾಗದ ಬಗ್ಗೆ ಧೈರ್ಯವಾಗಿ ಹೇಳಬಹುದು, ಶ್ರುತಿ ಮತ್ತು ಕಾಲದ ಬಗ್ಗೆ ತಡೆದು ಹೇಳಬೇಕು.

ಕೃತಿ, ರೆಕಾರ್ಡಿಂಗ್ ಬಳಸಿದರೆ ಕಾಪಿರೈಟ್ ತೊಂದರೆ ಆಗುತ್ತಾ?

ರಚನೆಕಾರರ ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ; ಎಣಿಕೆ ಮುಂದಿನ ಜನವರಿಯಿಂದ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2021ರ ಕೊನೆಗೆ ಮುಗಿಯಿತು. ಹಕ್ಕು ಇನ್ನೂ ಇರುವ ಕೃತಿಯಿಂದ ಸಂಶೋಧನೆ, ವಿಮರ್ಶೆಗೆ ತಕ್ಕಷ್ಟು ಭಾಗ ಉದ್ಧರಿಸಲು ಕಾನೂನು ಅವಕಾಶ ಕೊಡುತ್ತದೆ. ಇಡೀ ಹಾಡನ್ನು ಅನುಬಂಧದ ಪೆನ್‌ಡ್ರೈವ್‌ನಲ್ಲಿ ಹಂಚುವುದು ಬೇರೆ ಮಾತು, ಅದಕ್ಕೆ ಅನುಮತಿ ಕೇಳಿ.

## ಬರೆಯುವುದು, ಒಪ್ಪಿಸುವುದು

ಪ್ರಬಂಧ ಕನ್ನಡದಲ್ಲಿ ಬರೆಯಬಹುದಾ?

ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಬರೆಯಬಹುದು. ನೋಂದಣಿ ಹೊತ್ತಿಗೇ ಭಾಷೆ ತಿಳಿಸಬೇಕು. ದಾಸರ ಪದ, ವಚನ ಗಾಯನ, ರಂಗಗೀತೆಯಂಥ ವಿಷಯಕ್ಕೆ ಕನ್ನಡವೇ ಸಹಜ. ಮೊದಲ ಪುಟದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದು ಕೊನೆಗೆ ಪರಿವರ್ತಿಸಿದರೆ ಅರ್ಕಾವೊತ್ತು, ಒತ್ತಕ್ಷರಗಳು ಕೆಡುತ್ತವೆ, ಸ್ಥಾಯಿ ಚುಕ್ಕೆಗಳು ಜಾಗ ತಪ್ಪುತ್ತವೆ. ಮಂದ್ರದ ಚುಕ್ಕೆ ಮೇಲೆ ಹೋದರೆ ಸಂಚಾರವೇ ಬದಲಾದಂತೆ. ಸ್ವರಲಿಪಿಯನ್ನು ಕೋಷ್ಟಕದಲ್ಲಿ ಹಾಕಿ, ಒಂದು ಅಕ್ಷರಕಾಲಕ್ಕೆ ಒಂದು ಮನೆ.

ಕೀರ್ತನೆಗಳ ಸಾಹಿತ್ಯ ಇರೋದರಿಂದ ಪ್ಲೇಜಿಯರಿಸಂ ಶೇಕಡಾವಾರು ಜಾಸ್ತಿ ಬರ್ತಿದೆ. ಏನು ಮಾಡೋದು?

2018ರ ಯುಜಿಸಿ ನಿಯಮದಂತೆ ಬೇರೆ ಬರಹಗಳ ಜೊತೆ 10 ಶೇಕಡಾದವರೆಗೆ ಹೋಲಿಕೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಬಂದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, 40ರಿಂದ 60ಕ್ಕೆ ಒಂದು ವರ್ಷ ಒಪ್ಪಿಸುವಂತಿಲ್ಲ, 60 ದಾಟಿದರೆ ನೋಂದಣಿ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಸಾಹಿತ್ಯವನ್ನೂ ಶ್ಲೋಕವನ್ನೂ ಉದ್ಧರಣ ಚಿಹ್ನೆಯೊಳಗೆ ಆಕರ ಸಮೇತ ಕೊಡಿ, ಪೂರ್ಣಪಾಠಗಳನ್ನು ಅನುಬಂಧಕ್ಕೆ ಸಾಗಿಸಿ, ಪರೀಕ್ಷಿಸುವಾಗ ಉದ್ಧರಣಗಳನ್ನು ಹೊರಗಿಡುವಂತೆ ಗ್ರಂಥಾಲಯದವರನ್ನು ಕೇಳಿ. ನಿಜವಾದ ಅಪಾಯ ಬೇರೆ ಕಡೆ ಇದೆ: ರಾಗಲಕ್ಷಣಗಳನ್ನೂ ವಾಗ್ಗೇಯಕಾರರ ಜೀವನವನ್ನೂ ಪಠ್ಯಪುಸ್ತಕದಿಂದ ಹಾಗೇ ಎತ್ತಿದ ಪುಟಗಳು.

ಪೇಪರ್ ಪ್ರಕಟಿಸಲೇಬೇಕಾ?

2016ರ ನಿಯಮದಲ್ಲಿ ಒಂದು ಲೇಖನ, ಎರಡು ಸಮ್ಮೇಳನ ಪ್ರಬಂಧ ಕಡ್ಡಾಯವಿತ್ತು. 2022ರ ನಿಯಮ ಅದನ್ನು ಕೈಬಿಟ್ಟಿದೆ. ಆದರೆ ಅನೇಕ ವಿಶ್ವವಿದ್ಯಾಲಯಗಳು ಉಳಿಸಿಕೊಂಡಿವೆ. ಕಡ್ಡಾಯವಿರಲಿ ಬಿಡಲಿ, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚಾಗುವ ಪತ್ರಿಕೆಗಳಿಂದ ದೂರವಿರಿ.

ಒಪ್ಪಿಸಿದ ಮೇಲೆ ಏನಾಗುತ್ತೆ? ವೈವಾದಲ್ಲಿ ಏನು ಕೇಳ್ತಾರೆ?

ಮೊದಲು ವಿಭಾಗದಲ್ಲಿ ಪೂರ್ವಭಾವಿ ಮಂಡನೆ. ಅಲ್ಲಿ ಬಂದ ಸಲಹೆಗಳನ್ನು ಅಳವಡಿಸಿ ಒಪ್ಪಿಸಿದ ಪ್ರಬಂಧ ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಒಬ್ಬರು ಬೇಡವೆಂದರೆ ಇನ್ನೊಬ್ಬರಿಗೆ ಕಳಿಸುತ್ತಾರೆ. ಅವರೂ ಬೇಡವೆಂದರೆ ತಿರಸ್ಕಾರ. ಎಲ್ಲ ಸೇರಿ ಆರು ತಿಂಗಳಲ್ಲಿ ಮುಗಿಯಬೇಕೆಂಬುದು ನಿಯಮ.

ವೈವಾ ಬಹಿರಂಗವಾಗಿ ನಡೆಯುತ್ತದೆ. ನೀವು ಏನು ಹೊಸದು ಕಂಡಿರಿ, ಅದಕ್ಕೆ ಯಾವ ಆಧಾರ, ಈ ಹತ್ತು ಧ್ವನಿಮುದ್ರಣಗಳನ್ನೇ ಏಕೆ ಆರಿಸಿದಿರಿ ಎಂಬುದರ ಸುತ್ತಲೇ ಪ್ರಶ್ನೆಗಳು. ಚರ್ಚಿಸಿದ ಪ್ರತಿ ಸಂಚಾರದ 10–20 ಸೆಕೆಂಡಿನ ತುಣುಕನ್ನು ಪುಟ ಸಂಖ್ಯೆಯ ಹೆಸರಿನಲ್ಲೇ ಜೋಡಿಸಿಟ್ಟುಕೊಳ್ಳಿ. ಪುಟ 143ರ ಪ್ರಶ್ನೆ ಬಂದಾಗ ಆ ತುಣುಕು ಕೇಳಿಸಿ, ಬೇಕಾದರೆ ನೀವೇ ಹಾಡಿ ತೋರಿಸಿ. ಹಾಡಬಲ್ಲ ಸಂಶೋಧಕರಿಗೆ ಇರುವ ಬಲ ಇದೇ, ಅದನ್ನು ಬಳಸದೆ ಸ್ಲೈಡ್ ಓದಿ ಮುಗಿಸುವುದು ನೋವಿನ ಸಂಗತಿ.

ಅಮೆರಿಕದಲ್ಲಿ ಡಿಎಂಎ ಅಂತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. ಡಿಎಂಎ (ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್) ಪಾಶ್ಚಾತ್ಯ ಸಂಗೀತದ ವಾದಕರು, ಗಾಯಕರು, ರಚನೆಕಾರರಿಗಾಗಿ ಇರುವ ಪದವಿ. ಅಲ್ಲಿ ಅಂಕಕ್ಕಾಗಿ ಹಲವು ಪೂರ್ಣ ಕಛೇರಿಗಳು, ಸಮಗ್ರ ಪರೀಕ್ಷೆ, ಪಿಎಚ್‌.ಡಿ.ಗಿಂತ ಚಿಕ್ಕ ಬರಹ ಇರುತ್ತವೆ. ಭಾರತೀಯ ಸಂಗೀತದವರು ಅಲ್ಲಿ ಸಾಮಾನ್ಯವಾಗಿ ಸೇರುವುದು ಜನಾಂಗೀಯ ಸಂಗೀತಶಾಸ್ತ್ರದ ಪಿಎಚ್‌.ಡಿ.ಗೆ, ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದಲೂ ಕರ್ನಾಟಕ ಸಂಗೀತದ ಪಾಠವಿದೆ. ಮರಳಿ ಬಂದು ಇಲ್ಲಿ ಕೆಲಸ ಹುಡುಕುವುದಾದರೆ ಪದವಿಯ ಸಮಾನತೆಯ ವಿಚಾರವನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ.

ಪಿಎಚ್‌.ಡಿ. ಆದರೆ ಕೆಲಸ ಗ್ಯಾರಂಟಿನಾ?

ಇಲ್ಲ. 2023ರ ಜುಲೈ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕರಾಗಲು ನೆಟ್ ಅಥವಾ ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಕನಿಷ್ಠ ಅರ್ಹತೆ, ಪಿಎಚ್‌.ಡಿ. ಐಚ್ಛಿಕ. ಸಹ ಪ್ರಾಧ್ಯಾಪಕ ಮತ್ತು ಅದರ ಮೇಲಿನ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌.ಡಿ. ಬೇಕು. ಸಂಗೀತಕ್ಕೆ 2018ರ ನಿಯಮದಲ್ಲಿ ಇನ್ನೊಂದು ಬಾಗಿಲೂ ಇದೆ: ಪದವಿಯ ಜೊತೆಗೆ ಹೆಸರಾಂತ ಗುರುಗಳಲ್ಲಿ ಕಲಿತ, ಆಕಾಶವಾಣಿ ಅಥವಾ ದೂರದರ್ಶನದ 'ಎ' ದರ್ಜೆಯ ಕಲಾವಿದರೂ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹರು. ಕಛೇರಿಯೇ ನಿಮ್ಮ ಒಲವಾಗಿದ್ದರೆ ಆ ದಾರಿಯನ್ನೂ ತೂಗಿ ನೋಡಿ. ಪದವಿ ಬಂದಾಗ ಅದು 2022ರ ನಿಯಮಾವಳಿಯಂತೆ ನೀಡಲಾಗಿದೆ ಎಂದು ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ನೇಮಕಾತಿಯಲ್ಲಿ ದಾಖಲೆ ಪರಿಶೀಲಿಸುವವರು ಅದನ್ನು ಕೇಳುವುದುಂಟು.